ನಾಯಿಗೆ ಹೃದಯದ ಕಾಯಿಲೆ ಅಂದಾಗ: ಉಸಿರು ಎಣಿಸೋದು, ಮಾತ್ರೆ ಕೊಡೋದು, ದಿನ ಕಳೆಯೋದು

ವಿಡಿಯೊ ನೋಡೋಕೆ ಟೈಮ್ ಸಿಗದವರು ಆಫೀಸ್ ಬಸ್ಸಲ್ಲಿ ಓದ್ಕೊಳ್ಳಲಿ ಅಂತ ಎಂದಿನ ಹಾಗೆ ಮಾತನ್ನ ಬರಹಕ್ಕೆ ಇಳಿಸಿದ್ದೇನೆ. ಮಾತಾಡುವಾಗ ಬಿಟ್ಟುಹೋದ ಕೆಲವು ಅಂಕಿ-ಅಂಶ ಕೂಡ ಇಲ್ಲಿ ಸೇರಿಸಿದ್ದೇನೆ.

ಇವತ್ತಿನ ವಿಷಯ ನಾಯಿ. ಇನ್ನೂ ಸರಿಯಾಗಿ ಹೇಳ್ಬೇಕಂದ್ರೆ, ವಾಸಿಯಾಗದ ಕಾಯಿಲೆ ಇರೋ ನಾಯಿ. ಊರು ಬಿಟ್ಟು ಬಂದ ನಮ್ಮಂಥವರ ಫ್ಲ್ಯಾಟ್‌ಗಳಿಗೆ ಹತ್ತು-ಹನ್ನೆರಡು ವರ್ಷದ ಹಿಂದೆ ಮರಿಯಾಗಿ ಬಂದ ಪೊಮೇರಿಯನ್, ಶಿಟ್ಸು, ಡ್ಯಾಶ್‌ಹೌಂಡ್‌ಗಳಿಗೆಲ್ಲ ಈಗ ವಯಸ್ಸಾಗಿದೆ. ನಮ್ಮ ಮನೆಯ ಪೊಮೇರಿಯನ್‌ಗೆ ಈಗ 12 ವರ್ಷ. ಬಿಳಿ ಬಣ್ಣ, ದಾವಣಗೆರೆಯ ಮನೆತನ. ಹಾಗಾಗಿ ಹೆಸರು ಬೆಣ್ಣೆ. ಎರಡು ವರ್ಷದ ಹಿಂದೆ ರೇಬೀಸ್ ಲಸಿಕೆ ಹಾಕಿಸೋಕೆ ಹೋದಾಗ ಡಾಕ್ಟರ್ ಸ್ಟೆತಸ್ಕೋಪ್ ಇಟ್ಟು, "ಇವನ ಹೃದಯದಲ್ಲಿ ಮರ್ಮರ್ ಕೇಳಿಸ್ತಾ ಇದೆ, ಎಕೋ ಮಾಡಿಸೋಣ" ಅಂದ್ರು. ಅಲ್ಲಿಂದ ಇಲ್ಲಿವರೆಗೆ ನಾನು ಕಲಿತಿದ್ದನ್ನ ಹೇಳ್ತೀನಿ. ನಾನು ಪಶುವೈದ್ಯ ಅಲ್ಲ, ಟೆಸ್ಟಿಂಗ್ ಕೆಲಸದವನು. ಔಷಧದ ಪ್ರಮಾಣ ಯಾವುದನ್ನೂ ಇಲ್ಲಿ ಹೇಳೋದಿಲ್ಲ. ಅದು ನಿಮ್ಮ ಡಾಕ್ಟರ್ ಕೆಲಸ.

ಕಾಯಿಲೆ ಹೆಸರು ಕೇಳಿದ ಕೂಡಲೇ ಯಾರ ಬಾಯಲ್ಲೂ ಬರೋ ಮೊದಲ ಪ್ರಶ್ನೆ: "ಇನ್ನೆಷ್ಟು ದಿನ?" ಅದಕ್ಕೆ ಯಾರ ಹತ್ರಾನೂ ಖಚಿತ ಉತ್ತರ ಇಲ್ಲ. "ಇವತ್ತು ಹೇಗಿದ್ದಾನೆ?" ಅನ್ನೋ ಪ್ರಶ್ನೆಗಾದ್ರೆ ಮನೇಲೇ, ಗೋಡೆ ಗಡಿಯಾರ ನೋಡ್ಕೊಂಡೇ ಉತ್ತರ ಹುಡುಕಬಹುದು. ಈ ಎರಡನೇ ಪ್ರಶ್ನೆಯನ್ನ ದಿನಾ ಕೇಳ್ತಾ ಹೋದ್ರೆ ಮೊದಲನೆಯದರ ಭಾರ ಇಳಿಯುತ್ತೆ. ಅದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಕವಾಟ ಸೋರೋದು ಅಂದ್ರೆ ಏನು?

ನಮ್ಮ ಕಡೆ ಹೊಲದ ಬಾವಿಗೆ ಮೋಟಾರ್ ಕೂರಿಸುವಾಗ ಪೈಪಿನ ತುದಿಗೆ ಒಂದು ಫುಟ್‌ವಾಲ್ವ್ ಹಾಕ್ತಾರೆ. ನೀರು ಮೇಲೆ ಹೋಗ್ಬೇಕು, ವಾಪಸ್ ಬಾವಿಗೆ ಇಳಿಯಬಾರದು. ಆ ವಾಲ್ವ್ ಸವೆದು ಸೋರೋಕೆ ಶುರುವಾದ್ರೆ ಮೋಟಾರ್ ಅಷ್ಟೇ ನೀರಿಗೆ ಹೆಚ್ಚು ಹೊತ್ತು ಓಡಬೇಕಾಗುತ್ತೆ. ನಾಯಿಯ ಹೃದಯದಲ್ಲೂ ಇದೇ ಕಥೆ.

ಹೃದಯದ ಎಡಭಾಗದಲ್ಲಿ ಎರಡು ಕೋಣೆ. ಮೇಲಿನದಕ್ಕೆ ಶ್ವಾಸಕೋಶದಿಂದ ರಕ್ತ ಬರುತ್ತೆ, ಕೆಳಗಿನದು ಅದನ್ನ ಮೈಗೆಲ್ಲ ತಳ್ಳುತ್ತೆ. ನಡುವೆ ಇರೋ ಬಾಗಿಲೇ ಮೈಟ್ರಲ್ ಕವಾಟ. ವಯಸ್ಸಾದ ಹಾಗೆ ಕೆಲವು ನಾಯಿಗಳಲ್ಲಿ ಈ ಕವಾಟದ ಎಸಳು ದಪ್ಪ ಆಗಿ, ಗಂಟುಗಂಟಾಗಿ, ಸರಿಯಾಗಿ ಮುಚ್ಚೋದಿಲ್ಲ. ಕೆಳಗಿನ ಕೋಣೆ ಒತ್ತಿದಾಗ ಸ್ವಲ್ಪ ರಕ್ತ ಹಿಂದಕ್ಕೆ ಚಿಮ್ಮುತ್ತೆ. ಆ ಚಿಮ್ಮೋ ಸದ್ದೇ ಡಾಕ್ಟರ್ ಕಿವಿಗೆ ಬೀಳೋ ಮರ್ಮರ್.

ಹಿಂದಕ್ಕೆ ಬಂದ ರಕ್ತಕ್ಕೆ ಜಾಗ ಬೇಕಲ್ಲ, ಮೇಲಿನ ಕೋಣೆ ನಿಧಾನಕ್ಕೆ ಹಿಗ್ಗುತ್ತೆ. ಹಿಗ್ಗೋದಕ್ಕೂ ಒಂದು ಮಿತಿ ಇದೆ. ಅದು ದಾಟಿದ ಮೇಲೆ ಒತ್ತಡ ಶ್ವಾಸಕೋಶದ ಕಡೆ ತಿರುಗಿ ಅಲ್ಲಿ ನೀರು ತುಂಬೋಕೆ ಶುರುವಾಗುತ್ತೆ. ಹಾರ್ಟ್ ಫೇಲ್ಯೂರ್ ಅನ್ನೋದು ಇದಕ್ಕೇ. ಹೆಸರು ಕೇಳಿದ್ರೆ ಹೃದಯ ನಿಂತೇ ಹೋಯ್ತು ಅನ್ನಿಸುತ್ತೆ, ಆದ್ರೆ ಅದು ಓಡ್ತಾನೇ ಇರುತ್ತೆ. ಬಂದ ರಕ್ತವನ್ನ ಪೂರ್ತಿ ಮುಂದೆ ಕಳಿಸೋಕೆ ಅದರ ಕೈಲಿ ಆಗ್ತಾ ಇಲ್ಲ, ಅಷ್ಟೇ.

ನಾಯಿಗಳಿಗೆ ಬರೋ ಹೃದಯರೋಗಗಳಲ್ಲಿ ಅತಿ ಸಾಮಾನ್ಯವಾದದ್ದು ಇದು. 20 ಕೆಜಿಗಿಂತ ಕಡಿಮೆ ತೂಕದ ಸಣ್ಣ ತಳಿಗಳಲ್ಲಿ ಹೆಚ್ಚು. ಡಾಬರ್‌ಮನ್, ಗ್ರೇಟ್ ಡೇನ್ ಥರದ ದೊಡ್ಡ ತಳಿಗಳಲ್ಲಿ ಹೆಚ್ಚಾಗಿ ಕಾಣೋದು ಹೃದಯದ ಸ್ನಾಯುವೇ ಬಲ ಕಳ್ಕೊಳ್ಳೋ ಬೇರೆ ಕಾಯಿಲೆ. ಹಾಗಾಗಿ ಮೊದಲು ಯಾವ ಕಾಯಿಲೆ ಅಂತ ಸರಿಯಾಗಿ ತಿಳ್ಕೊಳ್ಳಿ.

ಎ, ಬಿ, ಸಿ, ಡಿ

ಕಾಯಿಲೆ ಎಲ್ಲಿಗೆ ಬಂದಿದೆ ಅನ್ನೋಕೆ ಪಶುವೈದ್ಯರು ನಾಲ್ಕು ಹಂತ ಮಾಡ್ಕೊಂಡಿದ್ದಾರೆ. ಈಗ ಬಳಕೆಯಲ್ಲಿರೋ ಮಾರ್ಗಸೂಚಿ 2019ರದ್ದು.

ಎ ಅಂದ್ರೆ ತಳಿಯಿಂದಾಗಿ ಅಪಾಯ ಇದೆ, ಕಾಯಿಲೆ ಇನ್ನೂ ಇಲ್ಲ. ಬಿ ಅಂದ್ರೆ ಮರ್ಮರ್ ಇದೆ, ಆದ್ರೆ ನಾಯಿ ಆರಾಮಾಗಿದೆ. ಇದರಲ್ಲೇ ಎರಡು ಭಾಗ: ಹೃದಯ ಅಷ್ಟಾಗಿ ಹಿಗ್ಗಿಲ್ಲದಿದ್ರೆ ಬಿ1, ಹಿಗ್ಗಿದ್ರೆ ಬಿ2. ಸಿ ಅಂದ್ರೆ ಒಮ್ಮೆಯಾದ್ರೂ ಶ್ವಾಸಕೋಶಕ್ಕೆ ನೀರು ಬಂದಿದೆ. ಡಿ ಅಂದ್ರೆ ಮಾಮೂಲಿ ಔಷಧಕ್ಕೆ ಬಗ್ಗದ ಸ್ಥಿತಿ.

ಎಕೋ ರಿಪೋರ್ಟ್ ಕೈಗೆ ಬಂದಾಗ ನಮ್ಮಂಥ ಇಂಜಿನಿಯರ್‌ಗಳ ಕಣ್ಣು ಅಂಕಿಗಳ ಕಡೆ ಹೋಗುತ್ತೆ. ಅದರಲ್ಲಿ ಎಲ್‌ಎ/ಎಒ ಅಂತ ಒಂದು ಅನುಪಾತ ಇರುತ್ತೆ: ಎಡ ಮೇಲ್ಕೋಣೆ ಮಹಾಧಮನಿಗಿಂತ ಎಷ್ಟು ದೊಡ್ಡದಿದೆ ಅಂತ. 1.6 ಅಥವಾ ಅದಕ್ಕಿಂತ ಹೆಚ್ಚಿದ್ರೆ ಕೋಣೆ ಹಿಗ್ಗಿದೆ ಅಂತ ಲೆಕ್ಕ. ಇದೊಂದನ್ನೇ ನೋಡಿ ತೀರ್ಮಾನ ಮಾಡೋದಿಲ್ಲ. ಕೆಳಕೋಣೆಯ ಅಳತೆ, ಎಕ್ಸ್‌ರೇ, ಮರ್ಮರ್‌ನ ಜೋರು, ಎಲ್ಲ ಸೇರಿಸಿ ಡಾಕ್ಟರ್ ಹಂತ ಹೇಳ್ತಾರೆ.

ಬಿ1, ಬಿ2 ವ್ಯತ್ಯಾಸಕ್ಕೆ ಇಷ್ಟು ಮಹತ್ವ ಯಾಕೆ ಅಂದ್ರೆ, ಔಷಧ ಶುರುವಾಗೋದು ಬಿ2ರಿಂದ. 2016ರಲ್ಲಿ ಪ್ರಕಟವಾದ ಎಪಿಕ್ ಅನ್ನೋ ಅಧ್ಯಯನದಲ್ಲಿ 11 ದೇಶಗಳ 360 ನಾಯಿಗಳಿದ್ವು. ಎಲ್ಲಕ್ಕೂ ಕವಾಟ ಸೋರ್ತಾ ಇತ್ತು, ಹೃದಯ ಹಿಗ್ಗಿತ್ತು, ಹೊರಗೆ ಲಕ್ಷಣ ಇರಲಿಲ್ಲ. ಅರ್ಧಕ್ಕೆ ಪಿಮೊಬೆಂಡಾನ್ ಅನ್ನೋ ಔಷಧ, ಇನ್ನರ್ಧಕ್ಕೆ ಔಷಧ ಇಲ್ಲದ ಮಾತ್ರೆ. ಔಷಧ ತಗೊಂಡ ಗುಂಪಿನಲ್ಲಿ ಹಾರ್ಟ್ ಫೇಲ್ಯೂರ್ ಅಥವಾ ಹೃದಯದಿಂದ ಸಾವು ಬರೋವರೆಗಿನ ಮಧ್ಯಾಂಕ ಅವಧಿ 1228 ದಿನ. ಇನ್ನೊಂದು ಗುಂಪಿನಲ್ಲಿ 766. ಅಂದ್ರೆ ಸುಮಾರು 15 ತಿಂಗಳು ಹೆಚ್ಚು. ನಾಯಿಯ ಆಯಸ್ಸಿನಲ್ಲಿ 15 ತಿಂಗಳು ಸಣ್ಣ ಮಾತಲ್ಲ.

ಇನ್ನೊಂದು ಸಮಾಧಾನದ ವಿಷಯ. ಮರ್ಮರ್ ಇರೋ ಎಲ್ಲ ನಾಯಿಗಳೂ ಸಿ ಹಂತಕ್ಕೆ ಹೋಗೋದಿಲ್ಲ. ಎಷ್ಟೋ ನಾಯಿಗಳು ಬಿ1ರಲ್ಲೇ ವರ್ಷಗಟ್ಟಲೆ ಇದ್ದು, ಮುಪ್ಪಿನಲ್ಲಿ ಬೇರೆ ಕಾರಣಕ್ಕೆ ಹೋಗುತ್ತವೆ. ಸಿ ಹಂತಕ್ಕೆ ಬಂದ್ರೆ ಕೆಲವು ತಿಂಗಳಿಂದ ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ ಕೂಡ. ನಿಮ್ಮ ನಾಯಿ ಇದರಲ್ಲಿ ಎಲ್ಲಿದೆ ಅಂತ ಸರಾಸರಿ ಅಂಕಿ ಹೇಳೋಕೆ ಆಗಲ್ಲ.

ಮಲಗಿದಾಗ ಉಸಿರು ಎಣಿಸೋದು

ಇಡೀ ಮಾತಿನಲ್ಲಿ ಒಂದೇ ಒಂದು ವಿಷಯ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ಖರ್ಚಿಲ್ಲ, ಉಪಕರಣ ಬೇಕಿಲ್ಲ.

ನಾಯಿ ಗಾಢವಾಗಿ ಮಲಗಿದಾಗ ಎದೆ ಏರಿ ಇಳಿಯೋದನ್ನ ನೋಡಿ. ಒಮ್ಮೆ ಏರಿ ಇಳಿದ್ರೆ ಒಂದು ಉಸಿರು. ಒಂದು ನಿಮಿಷ ಎಣಿಸಿ, ಅಥವಾ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ನಾಲಿಗೆ ಹೊರಗೆ ಹಾಕಿ ತೇಕುವಾಗ, ಆಟ ಆಡಿ ಬಂದ ತಕ್ಷಣ, ಕನಸಿನಲ್ಲಿ ಕಾಲು ಒದರ್ತಾ ಇರುವಾಗ ಎಣಿಸಿದ್ರೆ ಲೆಕ್ಕ ತಪ್ಪುತ್ತೆ.

ಹೃದಯದ ಕಾಯಿಲೆ ಇದ್ರೂ ಹಿಡಿತದಲ್ಲಿರೋ ನಾಯಿ ಮಲಗಿದಾಗ ಸಾಮಾನ್ಯವಾಗಿ ನಿಮಿಷಕ್ಕೆ 30ಕ್ಕಿಂತ ಕಡಿಮೆ ಉಸಿರಾಡುತ್ತೆ. ಒಂದೆರಡು ವಾರ ದಿನಾ ಬರೆದಿಟ್ರೆ ನಿಮ್ಮ ನಾಯಿಯ ಮಾಮೂಲಿ ಅಂಕಿ ಯಾವುದು ಅಂತ ಗೊತ್ತಾಗುತ್ತೆ. ಬೆಣ್ಣೆಯದು 20ರಿಂದ 24. ಅದು 30 ದಾಟಿದ್ರೆ ಅರ್ಧ-ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಎಣಿಸಬೇಕು. ಮತ್ತೂ ಹಾಗೇ ಇದ್ರೆ ಡಾಕ್ಟರ್‌ಗೆ ಫೋನ್. 40 ದಾಟಿ, ಉಸಿರಿಗೆ ಹೊಟ್ಟೆ ಎಳೀತಾ ಇದ್ರೆ, ಕತ್ತು ಮುಂದಕ್ಕೆ ಚಾಚಿ ಕೂತಿದ್ರೆ, ವಸಡು ನೀಲಿ ಅಥವಾ ಬಿಳಚಿಕೊಂಡಿದ್ರೆ ಫೋನ್ ಮಾಡ್ತಾ ಕೂರಬೇಡಿ, ಹೊರಡಿ.

ಈ ಫೆಬ್ರವರಿಯ ಒಂದು ರಾತ್ರಿ ನನಗೆ 38 ಬಂತು. ಇನ್ನೊಮ್ಮೆ ಎಣಿಸಿದೆ, 40. ಹೆಂಡತಿ ಪಕ್ಕದ ರೂಮಿನಲ್ಲಿ ಅಮೆರಿಕದ ಕ್ಲೈಂಟ್ ಜೊತೆ ಕಾಲ್‌ನಲ್ಲಿದ್ದಳು. ಬೆಣ್ಣೆ ನೋಡೋಕೆ ಆರಾಮಾಗೇ ಮಲಗಿದ್ದ, ಕೆಮ್ಮು ಕೂಡ ಇರಲಿಲ್ಲ. ಅಂಕಿ ಬಿಟ್ರೆ ಬೇರೆ ಯಾವ ಸುಳಿವೂ ಇಲ್ಲ. ರಾತ್ರಿ ಪೂರ್ತಿ ತೆರೆದಿರೋ ಕ್ಲಿನಿಕ್ಕಿಗೆ ಹೋದ್ವಿ. ಎಕ್ಸ್‌ರೇಯಲ್ಲಿ ಶ್ವಾಸಕೋಶದಲ್ಲಿ ನೀರು ಕಾಣಿಸ್ತು. ಆಕ್ಸಿಜನ್ ಕೊಟ್ರು, ನೀರು ಇಳಿಸೋ ಇಂಜೆಕ್ಷನ್ ಕೊಟ್ರು. ಮಾರನೇ ದಿನ ಮಧ್ಯಾಹ್ನ 26ಕ್ಕೆ ಇಳೀತು. "ಬೆಳಗಿನವರೆಗೆ ಬಿಟ್ಟಿದ್ರೆ ಕಷ್ಟ ಇತ್ತು" ಅಂದ್ರು ಡಾಕ್ಟರ್. ಅಂದಿನಿಂದ ಬೆಣ್ಣೆ ಸಿ ಹಂತದಲ್ಲಿದ್ದಾನೆ.

ಕೆಮ್ಮಿನ ಬಗ್ಗೆ ಒಂದು ಮಾತು. ಹಿಗ್ಗಿದ ಹೃದಯ ಶ್ವಾಸನಾಳದ ಕವಲನ್ನ ಒತ್ತೋದರಿಂದಲೂ ಕೆಮ್ಮು ಬರುತ್ತೆ, ಮುದಿ ಸಣ್ಣ ನಾಯಿಗಳಲ್ಲಿ ಶ್ವಾಸನಾಳ ಸಡಿಲ ಆಗೋದರಿಂದಲೂ ಬರುತ್ತೆ. ಹಾಗಾಗಿ ಕೆಮ್ಮಿದ್ದಕ್ಕೆಲ್ಲ ಗಾಬರಿ ಬೀಳಬೇಕಿಲ್ಲ, ಕೆಮ್ಮಿಲ್ಲ ಅಂತ ನಿಶ್ಚಿಂತೆಯಾಗಿ ಇರೋಕೂ ಆಗಲ್ಲ. ಉಸಿರಿನ ಅಂಕಿಯೇ ಹೆಚ್ಚು ನಂಬಿಕೆಯದು. ಇನ್ನು, ಕಾಲಿಂಗ್ ಬೆಲ್ ಸದ್ದಿಗೆ ಕುಣಿದಾಡಿ ನಾಯಿ ಕೆಲವು ಸೆಕೆಂಡ್ ಎಚ್ಚರ ತಪ್ಪಿ ಬಿದ್ರೆ, ಆದ್ರೆ ಫೋನಲ್ಲಿ ವಿಡಿಯೊ ಮಾಡಿ ಡಾಕ್ಟರ್‌ಗೆ ತೋರಿಸಿ. ಬಾಯಿಮಾತಿನ ವಿವರಣೆಗಿಂತ ಅದು ಅವರಿಗೆ ಹೆಚ್ಚು ಉಪಯೋಗ.

ಇಲ್ಲಿ ಒಂದು ಅಪಾಯ ಇದೆ. ಅಳೆಯೋದು ಚಟ ಆಗಬಹುದು. ಗಂಟೆಗೊಮ್ಮೆ ಎಣಿಸ್ತಾ ರಾತ್ರಿ ನಿದ್ದೆಗೆಟ್ಟವರನ್ನ ನಾನು ಬಲ್ಲೆ. ನಮ್ಮ ಮನೆಯ ನಿಯಮ: ದಿನಕ್ಕೆ ಒಂದೇ ಸಲ, ಊಟ ಆದ ಮೇಲೆ, ಫೋನ್ ಬದಿಗಿಟ್ಟು. ಅಂಕಿ ಸರಿ ಇದ್ರೆ ಶೀಟಿನಲ್ಲಿ ಬರೆದು ಮುಗಿಸೋದು, ಆಮೇಲೆ ಆ ಯೋಚನೆ ನಾಳೆಗೆ. ಆ ಒಂದು ನಿಮಿಷ ಬರಬರ್ತಾ ನನಗೆ ಇಷ್ಟ ಆಗಿದೆ. ದಿನವಿಡೀ ಮೀಟಿಂಗ್, ಟಿಕೆಟ್, ಚಾಟ್. ಒಂದು ಜೀವ ಉಸಿರಾಡೋದನ್ನ ಸುಮ್ಮನೆ ನೋಡೋಕೆ ಸಿಗೋ ನಿಮಿಷ ಅದೊಂದೇ.

ಮಾತ್ರೆಯ ಟೈಮ್‌ಟೇಬಲ್

ಸಿ ಹಂತದಲ್ಲಿ ಸಾಮಾನ್ಯವಾಗಿ ಮೂರ್ನಾಲ್ಕು ಔಷಧ ಇರುತ್ತೆ. ಪಿಮೊಬೆಂಡಾನ್ ಹೃದಯದ ಹಿಂಡೋ ಬಲ ಹೆಚ್ಚಿಸಿ ರಕ್ತನಾಳಗಳನ್ನ ಸಡಿಲ ಮಾಡುತ್ತೆ. ಫ್ಯುರೋಸೆಮೈಡ್, ನಮ್ಮ ಮನೆಯ ಹಿರಿಯರಿಗೆ ಲ್ಯಾಸಿಕ್ಸ್ ಅಂತ ಪರಿಚಯ ಇರೋದು, ಹೆಚ್ಚಿನ ನೀರನ್ನ ಮೂತ್ರದಲ್ಲಿ ಹೊರಹಾಕುತ್ತೆ. ಇವುಗಳ ಜೊತೆಗೆ ಬೆನಜೆಪ್ರಿಲ್ ಅಥವಾ ಎನಲಾಪ್ರಿಲ್, ಮತ್ತೆ ಸ್ಪೈರೊನೊಲ್ಯಾಕ್ಟೋನ್ ಕೊಡೋದುಂಟು.

ಪಿಮೊಬೆಂಡಾನ್ ಖಾಲಿ ಹೊಟ್ಟೇಲಿ, ಊಟಕ್ಕೆ ಒಂದು ಗಂಟೆ ಮೊದಲು, 12 ಗಂಟೆಗೊಮ್ಮೆ. ನಮ್ಮಲ್ಲಿ ಬೆಳಿಗ್ಗೆ 7ರದ್ದು ನನ್ನ ಪಾಳಿ, ರಾತ್ರಿ 7ರದ್ದು ಹೆಂಡತಿಯದು. ಕೊಟ್ಟವರು ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ಟಿಕ್ ಹಾಕ್ಬೇಕು. ಇಬ್ಬರೂ ಕೊಟ್ಟು ಡಬಲ್ ಆಗೋದು, ಇಬ್ಬರೂ ಮರೆಯೋದು, ಎರಡನ್ನೂ ಆ ಟಿಕ್ ತಪ್ಪಿಸುತ್ತೆ.

ಲ್ಯಾಸಿಕ್ಸ್ ಶುರುವಾದ ಮೇಲೆ ಬಾಯಾರಿಕೆ ಹೆಚ್ಚು, ಮೂತ್ರವೂ ಹೆಚ್ಚು. ಮನೆಯೊಳಗೆ ಮಾಡ್ಕೊಳ್ತಾನೆ ಅಂತ ನೀರು ಕಡಿಮೆ ಮಾಡೋಕೆ ಹೋಗಬೇಡಿ. ಕಿಡ್ನಿಗೆ ಹೊಡೆತ ಬೀಳುತ್ತೆ. ಬಾಲ್ಕನಿಯಲ್ಲಿ ಟ್ರೇ ಇಡಿ, ರಾತ್ರಿ ಒಂದು ಸಲ ಹೆಚ್ಚು ಕೆಳಗೆ ಕರ್ಕೊಂಡು ಹೋಗಿ, ಬೈಯಬೇಡಿ. ಹೃದಯಕ್ಕೆ ಕೊಡೋ ಔಷಧ ಕಿಡ್ನಿ ಮೇಲೆ ಭಾರ ಹಾಕೋದರಿಂದ ಡಾಕ್ಟರ್ ಹೇಳಿದಾಗೆಲ್ಲ ಕ್ರಿಯಾಟಿನಿನ್, ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿಸಲೇಬೇಕು. ಇನ್ನು, ಕುಂಟ್ತಾ ಇದೆ ಅಂತ ಮನೆಯಲ್ಲಿರೋ ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆ ಯಾವ ಕಾರಣಕ್ಕೂ ಕೊಡಬೇಡಿ. ಮನುಷ್ಯರ ಆ ಮಾತ್ರೆಗಳು ನಾಯಿಯ ಹೊಟ್ಟೆ ಮತ್ತು ಕಿಡ್ನಿಯನ್ನ ಹಾಳು ಮಾಡುತ್ತವೆ.

ತಟ್ಟೆ, ಬಿಸಿಲು, ಲಿಫ್ಟು, ಢೋಲು

ಉಪ್ಪು ನೀರನ್ನ ಹಿಡಿದಿಡುತ್ತೆ. ಆದ್ದರಿಂದ ಹಪ್ಪಳ, ಉಪ್ಪಿನಕಾಯಿ, ಚಿಪ್ಸ್, ಬ್ರೆಡ್, ಚೀಸ್, ನಮ್ಮ ತಟ್ಟೆಯ ಉಪ್ಪಿಟ್ಟು ಎಲ್ಲ ಬಂದ್. ದಾವಣಗೆರೆಯವರಿಗೆ ವಿಶೇಷ ಸೂಚನೆ: ಖಾರ ಹಾಕದ ಮಂಡಕ್ಕಿ ಕೂಡ ಬೇಡ, ಹುರಿಯೋ ಮೊದಲೇ ಅಕ್ಕಿಗೆ ಉಪ್ಪುನೀರು ಸೇರಿಸಿರ್ತಾರೆ. ಈರುಳ್ಳಿ ಮತ್ತು ದ್ರಾಕ್ಷಿ-ಒಣದ್ರಾಕ್ಷಿ ಹೃದಯ ಸರಿ ಇರೋ ನಾಯಿಗೂ ವಿಷವೇ. ಹಾಗಂತ ಪಥ್ಯ ಅಂತ ಅರೆಹೊಟ್ಟೆ ಇಡಬೇಡಿ. ಈ ಕಾಯಿಲೆಯಲ್ಲಿ ಮೈಯ ಮಾಂಸ ಕರಗುತ್ತೆ, ಹೊಟ್ಟೆ ತುಂಬಾ ತಿನ್ನೋದು ಮುಖ್ಯ. ಬೆಣ್ಣೆಗೆ ಉಪ್ಪಿಲ್ಲದೆ ಬೇಯಿಸಿದ ಕೋಳಿ, ಅನ್ನ, ಕುಂಬಳಕಾಯಿ, ಜೊತೆಗೆ ಡಾಕ್ಟರ್ ಹೇಳಿದ ರೆಡಿ ಆಹಾರ. ಪ್ರತಿ ಭಾನುವಾರ ತೂಕ ನೋಡ್ತೀವಿ: ನಾನು ಒಬ್ಬನೇ ಒಮ್ಮೆ, ಅವನನ್ನ ಎತ್ಕೊಂಡು ಇನ್ನೊಮ್ಮೆ ತೂಕದ ಯಂತ್ರದ ಮೇಲೆ ನಿಂತು ಕಳೆಯೋದು.

ಕತ್ತಿನ ಪಟ್ಟಿ ಬಿಟ್ಟು ಎದೆಗೆ ಹಾಕೋ ಹಾರ್ನೆಸ್ ಬಳಸಿ. ಏಪ್ರಿಲ್-ಮೇ ಬಿಸಿಲಲ್ಲಿ 7 ಗಂಟೆಗೆ ಮುಂಚೆ ವಾಕಿಂಗ್ ಮುಗಿಸಿ. ಹೈದರಾಬಾದ್, ಚೆನ್ನೈಯವರು ಇನ್ನೂ ಬೇಗ.

ಲಿಫ್ಟಿನ ಜಗಳ ನಿಮ್ಮಲ್ಲೂ ಇರಬಹುದು. ನಮ್ಮ ಸೊಸೈಟಿಯ ಕಮಿಟಿ ಒಮ್ಮೆ ನಾಯಿಗಳು ಮೆಟ್ಟಿಲಲ್ಲೇ ಹೋಗ್ಬೇಕು ಅಂತ ನೋಟಿಸ್ ಹಾಕಿತ್ತು. ನಮ್ಮದು ಏಳನೇ ಮಹಡಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಸಾಕುನಾಯಿಗಳಿಗೆ ಲಿಫ್ಟ್ ನಿರಾಕರಿಸಬಾರದು ಅಂತ ಇದೆ. ಅದರ ಪ್ರತಿ, ಜೊತೆಗೆ ಡಾಕ್ಟರ್ ಚೀಟಿ ಕೊಟ್ಟೆ. ಜೋರು ಮಾಡದೆ, "ಕಾಕಾ, ಇವನಿಗೆ ಹಾರ್ಟ್ ಪೇಶೆಂಟ್ ಅಂತ ಬರೆದುಕೊಟ್ಟಿದ್ದಾರೆ ನೋಡಿ" ಅಂತ ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಈಗ ಅದೇ ಕಾಕಾ ಲಿಫ್ಟಿನ ಬಾಗಿಲು ಹಿಡಿದು ನಿಲ್ತಾರೆ.

ಪುಣೆಯವರಿಗೆ ಗಣಪತಿ ಹಬ್ಬದ ಢೋಲ್-ತಾಶಾ ದೊಡ್ಡ ಪರೀಕ್ಷೆ. ದೀಪಾವಳಿ ಪಟಾಕಿ ಎಲ್ಲ ಊರಲ್ಲೂ ಇದೆ. ರಸ್ತೆಯಿಂದ ದೂರದ ಒಳರೂಮು, ದಪ್ಪ ಪರದೆ, ಫ್ಯಾನಿನ ಸದ್ದು, ಪಕ್ಕದಲ್ಲಿ ಮನೆಯವರೊಬ್ಬರು. ಹಬ್ಬಕ್ಕೆ ಒಂದು ವಾರ ಮೊದಲೇ ಡಾಕ್ಟರ್ ಹತ್ರ ಮಾತಾಡಿ. ಹೃದಯದ ಔಷಧದ ಜೊತೆ ಯಾವ ಶಾಮಕ ಹೊಂದುತ್ತೆ ಅಂತ ಅವರೇ ಹೇಳ್ಬೇಕು.

ದುಡ್ಡು, ಮತ್ತೆ ಜನರ ಮಾತು

ನಮ್ಮ ಮನೆಯಲ್ಲಿ ಔಷಧಕ್ಕೇ ತಿಂಗಳಿಗೆ ಸುಮಾರು 4,500 ರೂಪಾಯಿ ಹೋಗುತ್ತೆ. ಎಕೋ, ರಕ್ತಪರೀಕ್ಷೆ ಬೇರೆ. ಇಎಂಐ ಕಟ್ಟೋರಿಗೆ ಇದು ಭಾರವೇ. ಭಾರ ಆದ್ರೆ ನಾಚಿಕೆ ಇಲ್ಲದೆ ಡಾಕ್ಟರ್‌ಗೆ ಹೇಳಿ: "ತಿಂಗಳಿಗೆ ನಮ್ಮ ಕೈಲಿ ಆಗೋದು ಇಷ್ಟು, ಇದರೊಳಗೆ ಯಾವುದು ಬಿಡಬಾರದು?" ಒಳ್ಳೆ ಡಾಕ್ಟರ್ ಈ ಪ್ರಶ್ನೆಗೆ ಉತ್ತರ ಕೊಡ್ತಾರೆ. ಫ್ಯುರೋಸೆಮೈಡ್ ಥರದ ಮಾತ್ರೆ ಮನುಷ್ಯರ ಮೆಡಿಕಲ್ ಶಾಪಿನಲ್ಲೇ ಅಗ್ಗಕ್ಕೆ ಸಿಗುತ್ತೆ.

"ನಾಯಿಗೆ ಇಷ್ಟೆಲ್ಲಾನಾ?" ಅಂತ ಕೇಳೋರು ಆಫೀಸಲ್ಲೂ ಇದ್ದಾರೆ, ನೆಂಟರಲ್ಲೂ ಇದ್ದಾರೆ. ಅವರಿಗೆ ನಾನು ಒಂದು ಕಲ್ಲಿನ ಕಥೆ ಹೇಳ್ತೀನಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. ಸುಮಾರು 950ರ ಒಂದು ಕನ್ನಡ ಶಾಸನ ಇತ್ತು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಕಡೆಯ ವೀರ ಮಣಲೇರ. ಅವನ ಬೇಟೆನಾಯಿ ಕಾಳಿ ಒಂದು ಕಾಡುಹಂದಿಯ ಜೊತೆ ಹೋರಾಡಿ, ಹಂದಿಯನ್ನ ಕೊಂದು ತಾನೂ ಸತ್ತಿತು. ಮಣಲೇರ ಆ ನಾಯಿಗೆ ಕಲ್ಲು ನಿಲ್ಲಿಸಿದ, ಆ ಕಲ್ಲಿನ ಪೂಜೆ ತಪ್ಪಬಾರದು ಅಂತ ಭೂಮಿ ಬಿಟ್ಟ. ಸಾವಿರ ವರ್ಷದ ಹಿಂದೆ ಒಬ್ಬ ಕನ್ನಡಿಗ ತನ್ನ ನಾಯಿಯನ್ನ ಇಷ್ಟು ನೆನೆಸ್ಕೊಂಡಿದ್ದಾನೆ. ನಾವು ಎರಡು ಹೊತ್ತು ಮಾತ್ರೆ ಕೊಡೋದು ಯಾವ ದೊಡ್ಡ ವಿಷಯ?

ಒಳ್ಳೆ ದಿನ ಹೇಗಿರುತ್ತೆ

ಕಾಯಿಲೆ ನಾಯಿಗೆ ಕೇಕ್ ಕತ್ತರಿಸೋದು, ಬೀಚಿಗೆ ಕರ್ಕೊಂಡು ಹೋಗೋದು, ಫೋಟೋಶೂಟ್, ಇಂಥ ವಿಡಿಯೊ ತುಂಬಾ ನೋಡಿರ್ತೀರಿ. ನಿಮಗೆ ಖುಷಿ ಕೊಟ್ರೆ ಮಾಡಿ. ನಾಯಿಗೆ ಬೇಕಾಗಿರೋದು ಮಾತ್ರ ಅದಕ್ಕಿಂತ ಕಮ್ಮಿ ಖರ್ಚಿನದು.

ನಾಯಿ ಲೋಕವನ್ನ ತಿಳ್ಕೊಳ್ಳೋದು ಮೂಗಿನಿಂದ. ಮೊದಲು ನಮ್ಮ ವಾಕಿಂಗ್ 40 ನಿಮಿಷ, ಎರಡು ಕಿಲೋಮೀಟರ್. ಈಗ 15 ನಿಮಿಷ, ನೂರು ಮೀಟರ್ ಆದ್ರೆ ಹೆಚ್ಚು. ಎಲ್ಲಿ ನಿಲ್ಬೇಕು, ಯಾವ ಕಂಬ, ಯಾವ ಗಿಡ, ಎಷ್ಟು ಹೊತ್ತು, ಎಲ್ಲ ಅವನದೇ ತೀರ್ಮಾನ. ನಾನು ಹಿಂದೆ ನಿಲ್ತೀನಿ, ಅಷ್ಟೇ. ಒಂದು ಬೇವಿನ ಗಿಡದ ಬುಡದಲ್ಲಿ ಐದು ನಿಮಿಷ ಮೂಸಿ, ತಲೆ ಎತ್ತಿ, ಬಾಲ ಆಡಿಸಿ ಮನೆ ಕಡೆ ತಿರುಗ್ತಾನೆ. ಅವನ ಮಟ್ಟಿಗೆ ಅದು ಪೂರ್ತಿ ಪೇಪರ್ ಓದಿ ಮುಗಿಸಿದ ಹಾಗೆ.

ಎಕೋ ರಿಪೋರ್ಟ್ ಬಂದ ವಾರ ನಾನು ಊರಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. ಅವ್ವ ಪೂರ್ತಿ ಕೇಳಿ ಅಂದಳು: "ತಮ್ಮಾ, ಅದಕ್ಕೇನ್ ಗೊತ್ತೈತಿ ತನಗ ರೋಗ ಐತಿ ಅಂತ? ನೀನು ಮಾರಿ ಸಣ್ಣ ಮಾಡ್ಕಂಡು ಕುಂತ್ರ ಅದೂ ಹಂಗ ಕುಂದರ್ತೈತಿ. ಇವತ್ತು ಉಂಡತೇನು, ಅಷ್ಟು ನೋಡು." ಎಕೋ ಓದಿದ ಡಾಕ್ಟರ್ ಹೇಳಿದ್ದಕ್ಕೂ ಅವ್ವ ಹೇಳಿದ್ದಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

ಊರಿಗೆ ಕರ್ಕೊಂಡು ಹೋಗಬಹುದಾ ಅಂತ ಕೇಳ್ತೀರಿ. ಸ್ಥಿತಿ ಹಿಡಿತದಲ್ಲಿದ್ದು ಡಾಕ್ಟರ್ ಸರಿ ಅಂದ್ರೆ ಹೋಗಬಹುದು. ಪುಣೆಯಿಂದ ದಾವಣಗೆರೆಗೆ ಸುಮಾರು 600 ಕಿಲೋಮೀಟರ್. ನಾವು ಕಾರಲ್ಲಿ ಬೆಳಗಿನ ಜಾವ ಹೊರಟು, ಬೆಳಗಾವಿಯಲ್ಲಿ ರಾತ್ರಿ ಉಳಿದು, ಮಾರನೇ ದಿನ ಮುಟ್ಟಿದ್ವಿ. ರೈಲಿನಲ್ಲಾದ್ರೆ ನಾಯಿಯನ್ನ ಜೊತೆಗೆ ಇಟ್ಕೊಳ್ಳೋಕೆ ಫಸ್ಟ್ ಎಸಿಯ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮ ಹೆಸರಲ್ಲಿ ಇರಬೇಕು; ಇಲ್ಲದಿದ್ರೆ ಲಗೇಜ್ ವ್ಯಾನ್. ಹೃದಯದ ನಾಯಿಯನ್ನ ಒಂಟಿಯಾಗಿ ಲಗೇಜ್ ವ್ಯಾನಿನಲ್ಲಿ ಕಳಿಸೋ ಯೋಚನೆ ಬೇಡ. ಔಷಧ ಒಂದು ವಾರಕ್ಕೆ ಹೆಚ್ಚೇ ಇರಲಿ, ದಾರಿಯ ಊರುಗಳ ಪಶುವೈದ್ಯರ ನಂಬರ್ ಮೊದಲೇ ಹುಡುಕಿಟ್ಕೊಳ್ಳಿ. ಹೋದ ಮೇಲೆ ಏನು ಮಾಡಿದ ಅಂತೀರಾ? ಅವ್ವನ ಮನೆ ಕಟ್ಟೆ ಮೇಲೆ ಮೂರು ದಿನ ಬಿಸಿಲು ಕಾಯಿಸ್ಕೊಂಡು ಮಲಗಿದ್ದ. ಉಸಿರು 21, 22, 21.

ಕೊನೆಯ ಬಗ್ಗೆ ಮೊದಲೇ ಮಾತಾಡೋದು

ಇದು ಕಷ್ಟದ ಭಾಗ. ಬಿಟ್ಟು ಮುಂದೆ ಹೋಗಬೇಡಿ.

ಆಲಿಸ್ ವಿಲಲೋಬೋಸ್ ಅನ್ನೋ ಅಮೆರಿಕದ ಪಶುವೈದ್ಯೆ ಒಂದು ಅಳತೆಗೋಲು ಮಾಡಿದ್ದಾರೆ. ಏಳು ವಿಷಯ: ನೋವು (ಉಸಿರಾಟದ ಕಷ್ಟವೂ ಇದರಲ್ಲೇ), ಹಸಿವು, ನೀರಿನಂಶ, ಮೈ ಶುಚಿ, ಖುಷಿ, ಓಡಾಟ, ಮತ್ತೆ ಕೆಟ್ಟ ದಿನಗಳಿಗಿಂತ ಒಳ್ಳೆ ದಿನ ಹೆಚ್ಚಿದೆಯಾ ಅನ್ನೋದು. ಒಂದೊಂದಕ್ಕೂ 0ರಿಂದ 10 ಅಂಕ, ಒಟ್ಟು 70. 35ಕ್ಕಿಂತ ಹೆಚ್ಚಿದ್ರೆ ನಾಯಿಯ ಬದುಕು ಸಹನೀಯ ಅಂತ ಲೆಕ್ಕ. ನಾವು ತಿಂಗಳಿಗೊಮ್ಮೆ ಗಂಡ-ಹೆಂಡತಿ ಬೇರೆಬೇರೆ ಕೂತು ಅಂಕ ಹಾಕಿ ಆಮೇಲೆ ಹೋಲಿಸ್ತೀವಿ. ಹೋದ ತಿಂಗಳು ನನ್ನದು 54, ಅವಳದು 49. ಆ ಐದು ಅಂಕದ ಬಗ್ಗೆ ಅರ್ಧ ರಾತ್ರಿವರೆಗೆ ಮಾತಾಡಿದ್ವಿ. ಮಾತಾಡಿದ್ದು ಒಳ್ಳೆದಾಯ್ತು, ಅವನು ರಾತ್ರಿ ಹೊತ್ತು ಎಷ್ಟು ಸಲ ಜಾಗ ಬದಲಿಸ್ತಾನೆ ಅಂತ ಪಾಳಿ ಕೆಲಸದ ಅವಳಿಗೆ ಗೊತ್ತಿತ್ತು, ನನಗಿರಲಿಲ್ಲ.

ಇನ್ನೊಂದು ಚೀಟಿ ಬರೆದಿಟ್ಟಿದ್ದೇವೆ. ಎರಡು ದಿನ ಇಷ್ಟದ ಊಟ ಕೂಡ ಮುಟ್ಟದಿದ್ರೆ, ಔಷಧ ಹೆಚ್ಚಿಸಿದ ಮೇಲೂ ಉಸಿರಿಗಾಗಿ ಮಲಗೋಕೆ ಆಗದೆ ಕೂತೇ ಇದ್ರೆ, ನಾವು ಬಾಗಿಲು ತೆಗೆದಾಗ ಬಾಲ ಕೂಡ ಆಡಿಸದಿದ್ರೆ, ಡಾಕ್ಟರ್ ಜೊತೆ ಕೂತು ತೀರ್ಮಾನ ಮಾಡೋದು. ಇದನ್ನ ಆರಾಮಾಗಿರೋ ದಿನದಲ್ಲೇ ಬರೀಬೇಕು. ಆ ಹೊತ್ತು ಬಂದಾಗ ತಲೆ ಓಡೋದಿಲ್ಲ.

ಇಂಜೆಕ್ಷನ್ ಕೊಟ್ಟು ಕಳಿಸೋದು ಅಂದ್ರೆ ನಮ್ಮಲ್ಲಿ ಎಷ್ಟೋ ಜನರಿಗೆ ಮನಸ್ಸು ಒಪ್ಪೋದಿಲ್ಲ. ಆ ಹಿಂಜರಿಕೆಯನ್ನ ನಾನು ಗೌರವಿಸ್ತೀನಿ. ಆದ್ರೂ ಒಂದು ವಿಷಯ ತಿಳಿದಿರಲಿ: ಹಾರ್ಟ್ ಫೇಲ್ಯೂರ್‌ನ ಕೊನೆ ಯಾವಾಗಲೂ ನಿದ್ದೆಯಲ್ಲಿ ಬರೋದಿಲ್ಲ. ಶ್ವಾಸಕೋಶಕ್ಕೆ ನೀರು ತುಂಬಿದಾಗ ನಾಯಿ ಗಾಳಿಗಾಗಿ ಒದ್ದಾಡುತ್ತೆ. ಪಶುವೈದ್ಯರು ಮೊದಲು ಅರಿವಳಿಕೆ ಕೊಟ್ಟು ಪೂರ್ತಿ ಮಲಗಿಸಿ, ಆಮೇಲೆ ಹೃದಯ ನಿಲ್ಲಿಸ್ತಾರೆ; ಜೊತೆಗೆ ನಾವು ಇರಬಹುದು. ಯಾವ ದಾರಿ ಆರಿಸಿದ್ರೂ ಅದು ಪ್ರೀತಿಯಿಂದಲೇ ಆಗುತ್ತೆ. ನಿಮ್ಮ ನಗರಪಾಲಿಕೆಯಲ್ಲಿ ಸಾಕುಪ್ರಾಣಿಗಳ ಅಂತ್ಯಕ್ರಿಯೆಗೆ ಏನು ವ್ಯವಸ್ಥೆ ಇದೆ ಅಂತಲೂ ಈಗಲೇ ವಿಚಾರಿಸಿಡಿ. ಬಾಡಿಗೆ ಫ್ಲ್ಯಾಟಿನಲ್ಲಿರೋ ನಮಗೆ ಊರಿನ ಹಾಗೆ ಹಿತ್ತಲ ತೆಂಗಿನ ಬುಡ ಇಲ್ಲ. ಆಫೀಸಿನ ಪಾಲಿಸಿಯಲ್ಲಿ ಇದಕ್ಕೆ ರಜೆ ಸಿಗೋದು ಅಪರೂಪ, ಹಾಗಾಗಿ ಮೂರ್ನಾಲ್ಕು ಕ್ಯಾಶುಯಲ್ ಲೀವ್ ಉಳಿಸ್ಕೊಳ್ಳಿ.

ಇಷ್ಟು ಬರೆದಿಟ್ಟ ಮೇಲೆ ಏನಾಯ್ತು ಗೊತ್ತಾ? ಭಯ ಪೂರ್ತಿ ಹೋಗಲಿಲ್ಲ, ಆದ್ರೆ ಅದಕ್ಕೊಂದು ಜಾಗ ಸಿಕ್ತು. ಅದು ಆ ಚೀಟಿಯಲ್ಲಿದೆ. ಉಳಿದ ಹೊತ್ತೆಲ್ಲ ಬೆಣ್ಣೆಯದು.

ನಿಮ್ಮ ಮನೆಯಲ್ಲೂ ವಯಸ್ಸಾದ ಸಣ್ಣ ನಾಯಿ ಇದ್ರೆ ಎರಡು ಕೆಲಸ ಮಾಡಿ. ಮುಂದಿನ ಲಸಿಕೆಗೆ ಹೋದಾಗ "ಡಾಕ್ಟ್ರೇ, ಹೃದಯ ಸ್ವಲ್ಪ ಸರಿಯಾಗಿ ಕೇಳಿ ನೋಡಿ" ಅನ್ನಿ. ಮತ್ತೆ ಇವತ್ತು ರಾತ್ರಿ ಅದು ಮಲಗಿದ ಮೇಲೆ ಪಕ್ಕದಲ್ಲಿ ಕೂತು ಒಂದು ನಿಮಿಷ ಉಸಿರು ಎಣಿಸಿ. ಕಾಯಿಲೆ ಇಲ್ಲದಿದ್ರೂ ಪರವಾಗಿಲ್ಲ, ಅದರ ಮಾಮೂಲಿ ಅಂಕಿ ನಿಮಗೆ ಗೊತ್ತಿರಲಿ. ಮುಂದಿನ ಮಾತಿನಲ್ಲಿ ಸಿಗೋಣ.